ಕ್ಷಿಪಣಿ ಎಲ್ಲಿಗೆ ಮುಟ್ಟುತ್ತದೆ?

"ಸರ್, ಉತ್ತರ ಕೊರಿಯದ ಕ್ಷಿಪಣಿ ಅಮೇರಿಕಕ್ಕೆ ಮುಟ್ಟುತ್ತದಾ?" ತರಗತಿಯಲ್ಲಿ ಹುಡುಗನೊಬ್ಬ ಕೇಳಿದ. ಅವನ ಮುಖದಲ್ಲಿ ಭಯವಿರಲಿಲ್ಲ, ಒಂದು ಬಗೆಯ ಖುಷಿ ಇತ್ತು. ಇದೇ ಖುಷಿಯನ್ನು ದೊಡ್ಡವರಲ್ಲಿಯೂ ಕಂಡಿದ್ದೇನೆ. ಇರಾಕನ್ನು ಹಾಳುಗೆಡವಿದವರ ಎದುರು ಒಬ್ಬನಾದರೂ ಎದೆ ಸೆಟೆಸಿ ನಿಂತಿದ್ದಾನಲ್ಲ ಎಂಬ ಸಮಾಧಾನ ಅದು. ಓದುಗರೇ, ನಿಮ್ಮ ಮನೆಯಲ್ಲಿಯೂ ಇಂತಹ ಮಾತು ಬಂದಿರಬಹುದು.

ವಿಚಿತ್ರವೆಂದರೆ, ಆ ಹುಡುಗನ ಪ್ರಶ್ನೆಯೂ ವಾಷಿಂಗ್ಟನ್ನಿನ ಪ್ರಶ್ನೆಯೂ ಒಂದೇ. ಉತ್ತರ ಕೊರಿಯ ಮೊದಲ ಅಣುಪರೀಕ್ಷೆ ನಡೆಸಿದ್ದು 2006ರ ಅಕ್ಟೋಬರ್ 9ರಂದು. ಆರನೆಯದು 2017ರ ಸೆಪ್ಟೆಂಬರಿನಲ್ಲಿ. ಆದರೆ ಚರ್ಚೆಗೆ ನಿಜವಾದ ಕಾವು ಬಂದದ್ದು ಆ 2017ರಲ್ಲಿ, ಅದರ ಕ್ಷಿಪಣಿ ಅಮೇರಿಕದ ನೆಲವನ್ನು ಮುಟ್ಟಬಹುದೆಂಬ ಲೆಕ್ಕ ಹೊರಬಿದ್ದಾಗ. 2018ರ ಜನವರಿ 13ರಂದು ಹವಾಯಿಯ ಜನರ ಮೊಬೈಲುಗಳಿಗೆ ಕ್ಷಿಪಣಿ ಬರುತ್ತಿದೆಯೆಂಬ ಸಂದೇಶ ಬಂತು. ಅದು ತಪ್ಪು ಸಂದೇಶವೆಂದು ತಿಳಿಸಲು 38 ನಿಮಿಷ ಹಿಡಿಯಿತು. ಆ 38 ನಿಮಿಷಗಳ ಬಗ್ಗೆ ಜಗತ್ತೇ ಮಾತನಾಡಿತು.

ಹಾಗಾದರೆ ಸಿಯೋಲ್? ದಕ್ಷಿಣ ಕೊರಿಯದ ಈ ರಾಜಧಾನಿ ಗಡಿಯಿಂದ ಕೇವಲ 50 ಕಿ.ಮೀ. ದೂರದಲ್ಲಿದೆ. ಅಲ್ಲಿ 90 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಅವರನ್ನು ಕೊಲ್ಲಲು ಅಣುಬಾಂಬು ಬೇಕಿಲ್ಲ, ಗಡಿಯಾಚೆ ದಶಕಗಳಿಂದ ಸಾಲಾಗಿ ನಿಂತಿರುವ ಫಿರಂಗಿಗಳೇ ಸಾಕು. 1994ರಲ್ಲಿ ಯೋಂಗ್‌ಬ್ಯೋನ್ ಅಣುಸ್ಥಾವರದ ಮೇಲೆ ದಾಳಿ ಮಾಡುವ ಯೋಚನೆ ಕ್ಲಿಂಟನ್ ಸರಕಾರದ ಮುಂದಿತ್ತು. ದಾಳಿಯಾದರೆ ಸಿಯೋಲಿನ ಗತಿಯೇನು ಎಂಬ ಪ್ರಶ್ನೆಯೂ ಅದರ ಜೊತೆಗೇ ಇತ್ತು. ಜೂನ್‌ನಲ್ಲಿ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಪ್ಯೋಂಗ್‌ಯಾಂಗಿಗೆ ಹೋಗಿ ಮಾತನಾಡಿದರು, ಅಕ್ಟೋಬರಿನಲ್ಲಿ ಒಪ್ಪಂದವಾಯಿತು. ಎಂಟು ವರ್ಷಗಳಲ್ಲಿ ಅದೂ ಮುರಿಯಿತು. 2003ರ ಜನವರಿಯಲ್ಲಿ ಉತ್ತರ ಕೊರಿಯ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದಲೇ ಹೊರಬರುವುದಾಗಿ ಘೋಷಿಸಿತು.

ಅವರದ್ದೂ ಒಂದು ವಾದವಿದೆ. ಸದ್ದಾಮನ ಬಳಿ ಸಮೂಹ ನಾಶಕ ಅಸ್ತ್ರಗಳು ಸಿಗಲೇ ಇಲ್ಲ, ಆದರೂ ದೇಶ ಹೋಯಿತು. ಗದ್ದಾಫಿ 2003ರಲ್ಲಿ ತನ್ನ ಯೋಜನೆಯನ್ನು ಕೈಬಿಟ್ಟರು, 2011ರಲ್ಲಿ ಬೀದಿಯಲ್ಲಿ ಹತರಾದರು. ಇದನ್ನು ಸುಮ್ಮನೆ ತಳ್ಳಿಹಾಕಲು ನನ್ನಿಂದಾಗದು. ಆದರೆ ಆ ಬಾಂಬು ಕಾಯುತ್ತಿರುವುದು ಯಾರನ್ನು? 1990ರ ದಶಕದ ಕ್ಷಾಮದಲ್ಲಿ ಅಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಅದೇ ದಶಕದಲ್ಲಿ ಕ್ಷಿಪಣಿಗಳ ಕೆಲಸ ನಿಲ್ಲಲಿಲ್ಲ. ಮೂರು ತಲೆಮಾರಿನಿಂದ ಆಳುತ್ತಿರುವ ಒಂದು ಕುಟುಂಬ ಮಾತ್ರ ಸುರಕ್ಷಿತವಾಗಿದೆ. ಇದನ್ನು ಶೌರ್ಯವೆಂದು ಮಕ್ಕಳಿಗೆ ಹೇಗೆ ಕಲಿಸಲಿ?

ಹುಡುಗನಿಗೆ ನಾನು ಹೇಳಿದ್ದು ಬೇರೆಯೇ ಕಥೆ. ಕೊರಿಯ ಯುದ್ಧ 1953ರ ಜುಲೈ 27ರಂದು ನಿಂತಿತು, ಮುಗಿಯಲಿಲ್ಲ. ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ. ತಾಯ್ನಾಡಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧ ಕೈದಿಗಳನ್ನು ಭಾರತದ ಸೇನೆಯ ವಶಕ್ಕೆ ಕೊಡಲಾಗಿತ್ತು. ಅವರ ಭವಿಷ್ಯ ನೋಡಿಕೊಂಡ ಆಯೋಗದ ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಕೈದಿಗಳಿಗಾದರೂ ಯಾವ ಕಡೆ ಹೋಗಬೇಕೆಂದು ಕೇಳುವವರಿದ್ದರು. ಗಡಿಯ ಎರಡೂ ಕಡೆ ಹರಿದುಹೋದ ಸಂಸಾರಗಳನ್ನು ಕೇಳಿದವರು ಯಾರು?

ಬಂಧುಗಳನ್ನು ಕಾಣಬೇಕೆಂದು ದಕ್ಷಿಣದಲ್ಲಿ ಹೆಸರು ಬರೆಸಿದವರು 1.3 ಲಕ್ಷಕ್ಕೂ ಹೆಚ್ಚು. 2000ದಿಂದ 2018ರ ವರೆಗೆ 21 ಬಾರಿ ಭೇಟಿ ಏರ್ಪಟ್ಟಿತು, ಪ್ರತಿ ಬಾರಿಯೂ ಅವಕಾಶ ಸಿಕ್ಕಿದ್ದು ಕೆಲವೇ ಕುಟುಂಬಗಳಿಗೆ. 2018ರ ಆಗಸ್ಟಿನಲ್ಲಿ ಕುಮ್‌ಗಾಂಗ್ ಬೆಟ್ಟದ ಬಳಿ ನಡೆದ ಭೇಟಿಯಲ್ಲಿ ತೊಂಬತ್ತು ದಾಟಿದ ತಾಯಿ, ಎಪ್ಪತ್ತು ದಾಟಿದ ಮಗನನ್ನು ತಬ್ಬಿಕೊಂಡು ಅತ್ತಳು. ಮೂರು ದಿನಗಳಲ್ಲಿ ಅವರಿಗೆ ಸಿಕ್ಕಿದ್ದು ಸುಮಾರು ಹನ್ನೆರಡು ಗಂಟೆ. ಆಮೇಲೆ ಬಸ್ಸಿನ ಗಾಜಿಗೆ ಕೈ ಒತ್ತಿ ವಿದಾಯ. ಮುಂದಿನ ಫೆಬ್ರವರಿಯಲ್ಲಿ ಹನೋಯಿಯಲ್ಲಿ ಟ್ರಂಪ್ ಮತ್ತು ಕಿಮ್ ಮಾತುಕತೆ ಮುರಿದುಬಿತ್ತು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಮತ್ತೆ ಭೇಟಿ ಆಗಲಿಲ್ವಾ ಸರ್?" ಎಂದ. ಇಲ್ಲ ಮಗೂ ಎಂದೆ. ಆ ಭೇಟಿಯ ಕಟ್ಟಡವನ್ನು ಉತ್ತರ ಕೊರಿಯ ಕೆಡವುತ್ತಿದೆಯೆಂದು 2025ರ ಫೆಬ್ರವರಿಯಲ್ಲಿ ಸಿಯೋಲ್ ಸರಕಾರ ತಿಳಿಸಿತು. ಹೆಸರು ಬರೆಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಷ್ಟರಲ್ಲಿ ತೀರಿಹೋಗಿದ್ದರು.