ಸರ್ಕಾರಿ ಪತ್ರಿಕೆಯಲ್ಲಿ ರೈತರ ಕಾಗದಗಳು

ಸರ್ಕಾರದ ಖರ್ಚಿನಿಂದ ಅಚ್ಚಾಗುವ ಪತ್ರಿಕೆಯಲ್ಲಿ ರೈತರ ಕಾಗದಗಳಿಗೂ ಸ್ಥಳವಿರಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಯಾವುದನ್ನು ಅಚ್ಚುಹಾಕಬೇಕು, ಯಾವುದನ್ನು ಬಿಡಬೇಕೆಂಬಲ್ಲಿಯೇ ತೊಡಕು ಹುಟ್ಟುವುದು. ಖಾಸಗಿ ಪತ್ರಿಕೆಯ ಸಂಪಾದಕನು ಪರರ ಮೇಲಿನ ದೂರನ್ನು ತೂಗಿ ನೋಡುತ್ತಾನೆ; ಇಲಾಖೆಯ ಸಂಪಾದಕನಾದರೋ ತನ್ನ ಇಲಾಖೆಯ ಮೇಲೆಯೇ ಬಂದ ದೂರನ್ನು ತೂಗಬೇಕಾಗಿದೆ. ತಕ್ಕಡಿ ಹಿಡಿದವನೇ ಸರಕಿನ ಒಡೆಯನೂ ಆಗಿರುವಲ್ಲಿ, ತೂಕದ ಕಲ್ಲುಗಳನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಮೊದಲೇ ಹೊರಗಿಡತಕ್ಕದ್ದು. ಕಾಗದಗಳ ವಿಷಯದಲ್ಲಿ ಅಂಥ ಕಲ್ಲುಗಳೆಂದರೆ ಅಚ್ಚಾದ ನಿಯಮಗಳೇ.

ಮೈಸೂರು ಸೀಮೆಯ ಜಮೀನುದಾರರಿಗೆ ಈ ವಿಚಾರವು ಹೊಸದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲುರವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಏರ್ಪಟ್ಟಾಗ, ತಾಲ್ಲೂಕಿಗೆ ಒಬ್ಬಿಬ್ಬರಂತೆ ಭೂಮಿಯುಳ್ಳ ರೈತರನ್ನೂ ಜಿಲ್ಲೆಗೆ ಮೂರು ನಾಲ್ಕು ಮಂದಿ ವರ್ತಕರನ್ನೂ ಕರೆಯಿಸಲಾಯಿತು. ಮೊದಲ ಸಭೆಗೆ ಸೇರಿದವರು 144 ಮಂದಿ. ಬಹುಕಾಲದವರೆಗೆ ಅವರಿಗಿದ್ದುದು ಅರಿಕೆ ಮಾಡಿಕೊಳ್ಳುವ ಹಕ್ಕಷ್ಟೇ. ಆದರೂ ಅಧಿಕಾರಿಗಳ ಎದುರಿನಲ್ಲಿ ಕುಂದುಕೊರತೆಯನ್ನು ಹೇಳುವುದು ಉದ್ಧಟತನವಲ್ಲವೆಂಬ ಭಾವನೆಯು ಅಲ್ಲಿ ಬೇರೂರಿತು.

ನ್ಯಾಯಸ್ಥಾನದ ಮಾತೂ ಉಂಟು. ಜೀವ ವಿಮಾ ನಿಗಮದ ಕ್ರಮಗಳನ್ನು ಟೀಕಿಸಿ ಪ್ರಾಧ್ಯಾಪಕ ಮನುಭಾಯಿ ಶಾ ಅವರು ಪ್ರಬಂಧವೊಂದನ್ನು ಬರೆದಿದ್ದರು. ಅದಕ್ಕೆ ನಿಗಮದ ಅಧಿಕಾರಿಯು ಬರೆದ ಖಂಡನೆಯನ್ನು ನಿಗಮವು ತನ್ನ ‘ಯೋಗಕ್ಷೇಮ’ ಪತ್ರಿಕೆಯಲ್ಲಿ ಪ್ರಕಟಿಸಿತು. ಶಾ ಅವರ ಪ್ರತ್ಯುತ್ತರಕ್ಕೆ ಮಾತ್ರ, ಇದು ಸಂಸ್ಥೆಯ ಒಳಗಿನ ಪತ್ರಿಕೆಯೆಂದು ಹೇಳಿ, ಸ್ಥಳ ಕೊಡಲಿಲ್ಲ. 1992ರಲ್ಲಿ ಸುಪ್ರೀಂ ಕೋರ್ಟು ಈ ನೆಪವನ್ನು ಒಪ್ಪಲಿಲ್ಲ. ಸಾರ್ವಜನಿಕರ ಹಣದಿಂದ ನಡೆಯುವ ಪತ್ರಿಕೆಯು ಒಂದೇ ಪಕ್ಷವನ್ನು ಓದುಗರ ಮುಂದಿಡುವುದು ನ್ಯಾಯವಲ್ಲವೆಂದಿತು. ಬಂದ ಕಾಗದವನ್ನೆಲ್ಲಾ ಅಚ್ಚುಹಾಕಲೇಬೇಕೆಂದು ಇದರ ಅರ್ಥವಲ್ಲ. ಟೀಕೆಯೆಂಬ ಒಂದೇ ಕಾರಣದಿಂದ ಬಿಡಕೂಡದೆಂಬುದೇ ಇದರಿಂದ ಗ್ರಹಿಸಬೇಕಾದ ಅಂಶ.

ಆದಕಾರಣ ನಿಯಮಗಳು ಬರೆದ ರೀತಿಯನ್ನು ಕಟ್ಟುಮಾಡಬೇಕೇ ಹೊರತು ಬರೆದ ವಿಷಯವನ್ನಲ್ಲ. ಇಲಾಖೆಯ ಮೂಲಕ ಬಂದ ರಾಗಿಬೀಜವು ಮೊಳೆಯಲಿಲ್ಲವೆಂದು ಒಬ್ಬ ರೈತನು ಬರೆದನೆಂದಿಟ್ಟುಕೊಳ್ಳೋಣ. ಕೊಂಡ ದಿನ, ಬಿತ್ತಿದ ದಿನ, ತಳಿಯ ಹೆಸರು, ಚೀಲದ ಚೀಟಿಯಲ್ಲಿದ್ದ ಸಂಖ್ಯೆ, ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟ ನೂರು ಕಾಳುಗಳಲ್ಲಿ ಎಷ್ಟು ಮೊಳೆತವು, ಇಷ್ಟನ್ನು ಬರೆದಿದ್ದರೆ ಆ ಕಾಗದವು ಎಷ್ಟೇ ಕಟುವಾಗಿರಲಿ, ಇಲಾಖೆಯ ಉತ್ತರದೊಡನೆ ಅಚ್ಚಾಗತಕ್ಕದ್ದು. ಅದನ್ನು ಓದಿ ಪಕ್ಕದ ಹೋಬಳಿಯವರು ತಮ್ಮ ಚೀಲಗಳನ್ನು ನೋಡಿಕೊಳ್ಳಬಹುದು. ಅದೇ ರೈತನು ಅಂಗಡಿಯವನ ಜಾತಿಯನ್ನು ಎತ್ತಿ ಆಡಿದರೆ, ಆಧಾರವಿಲ್ಲದೆ ಒಬ್ಬರ ಮೇಲೆ ಕಳ್ಳತನವನ್ನು ಹೊರಿಸಿದರೆ, ಅಷ್ಟು ಭಾಗವನ್ನು ತೆಗೆದುಹಾಕಬೇಕು; ತೆಗೆದಿದೆಯೆಂದು ಅಲ್ಲಿಯೇ ಕಾಣಿಸಬೇಕು. ಬೈಗುಳದ ಕಾಗದಗಳು ಸಾಮಾನ್ಯವಾಗಿ ಉದ್ದವಾಗಿಯೇ ಇರುವುದರಿಂದ ಸ್ಥಳವೂ ಉಳಿದೀತು!

ಹೆಸರಿಲ್ಲದ ಕಾಗದವನ್ನು ಕಣ್ಣುಮುಚ್ಚಿ ಬುಟ್ಟಿಗೆ ಹಾಕುವ ವಾಡಿಕೆಯು ಒಳ್ಳೆಯದಲ್ಲ. ಹೆದರಿ ಹೆಸರು ಬರೆಯದವರೂ ಇದ್ದಾರೆ. ಹೆಸರನ್ನು ಸಂಪಾದಕನಿಗೆ ತಿಳಿಸಿ, ಅಚ್ಚಿನಲ್ಲಿ ಮರೆಸಿಡುವ ಏರ್ಪಾಡು ಅಂಥವರಿಗೆ ಸಾಕು.

ಇಲ್ಲಿ ಗ್ರಾಮದ ಮುಖಂಡರಿಗೂ ಒಂದು ಮಾತನ್ನು ಹೇಳಬೇಕಾಗಿದೆ. ಪಟೇಲಿಕೆ, ಶಾನುಭೋಗಿಕೆಗಳು 1961ರ ಕಾನೂನಿನಿಂದ ರದ್ದಾದರೂ, ಸಣ್ಣ ಹಿಡುವಳಿಯವರ ಅಹವಾಲು ಹಿರಿಯರ ಕೈದಾಟಿಯೇ ಹೊರಡುವುದು ಇನ್ನೂ ಅನೇಕ ಊರುಗಳಲ್ಲಿ ಉಂಟು. ಕಾಲುವೆಯ ತುದಿಯ ಗದ್ದೆಗೆ ನೀರು ಬರಲಿಲ್ಲವೆಂಬ ದೂರು, ಕಾಲುವೆಯ ತಲೆಯಲ್ಲಿ ಗದ್ದೆಯುಳ್ಳವರ ಕೈಗೆ ಬಂದಾಗ ಮೆತ್ತಗಾಗುವುದು ಸಹಜ. ಇಲಾಖೆಯು ತನ್ನ ಮೇಲಿನ ಟೀಕೆಯನ್ನು ಅಡಗಿಸಕೂಡದೆಂದು ಕೇಳುವ ಮುಖಂಡರು, ತಮ್ಮ ಮೇಲಿನದನ್ನು ಬರೆದಂತೆಯೇ ಮುಂದಕ್ಕೆ ಕಳುಹಿಸತಕ್ಕದ್ದು. ತಮ್ಮ ಅಭಿಪ್ರಾಯವು ಬೇರೆಯಾಗಿದ್ದರೆ ಬೇರೆ ಹಾಳೆಯಲ್ಲಿ ಬರೆದು ಜತೆಗಿಡಬಹುದು.

ಬಂದ ಕಾಗದಗಳಿಗೆ ಒಂದು ರಿಜಿಸ್ಟರ್ ಇರಬೇಕು. ಅಚ್ಚಾಗದ ಕಾಗದ ಬರೆದವನಿಗೆ, ಯಾವ ನಿಯಮದ ಮೇರೆಗೆ ಬಿಟ್ಟಿತೆಂಬುದನ್ನು ತಿಂಗಳೊಳಗೆ ಒಂದು ಕಾರ್ಡಿನಲ್ಲಿ ತಿಳಿಸಿ, ಅದರ ತಾರೀಖನ್ನು ರಿಜಿಸ್ಟರಿನಲ್ಲಿ ಗುರುತು ಮಾಡಿಕೊಳ್ಳತಕ್ಕದ್ದು.