ಬೇಸ್ ಗಿಟಾರೂ ತರ್ಕಶಾಸ್ತ್ರವೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಸೋಲ್ಡರಿಂಗ್ ಐರನ್ ಕೈಗೆತ್ತಿಕೊಂಡರೆ ನಗುವವರು ನಮ್ಮಲ್ಲಿ ಅನೇಕರಿದ್ದಾರೆ. ಅದು ಐ.ಟಿ.ಐ. ಹುಡುಗರ ಕೆಲಸ, ಬಿ.ಎ. ಓದುವವನಿಗೆ ಪುಸ್ತಕವೇ ಸಾಕು ಎಂಬುದು ಅವರ ವಾದ. ಈ ವಾದವು ಎಷ್ಟು ಪೊಳ್ಳಾದುದೆಂಬುದನ್ನು ಒಂದು ಸಣ್ಣ ಉದಾಹರಣೆಯಿಂದ ತೋರಿಸಬಹುದೆಂದು ನಾನು ನಂಬಿದ್ದೇನೆ. ಉದಾಹರಣೆ ಬೇಸ್ ಗಿಟಾರಿನದು. ಅದರಲ್ಲಿಯೂ, ಧ್ವನಿಯು ತುಂಬಿ ಬರುತ್ತಿರುವಾಗಲೇ ಥಟ್ಟನೆ ಕುಗ್ಗಿ, ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಸರಿಹೋಗುವ ವಿಚಿತ್ರವಾದ ಕಾಯಿಲೆಯದು.

ಭಾವಗೀತೆಯ ಮೇಳವಾಗಲಿ, ಗಣೇಶನ ಹಬ್ಬದ ಆರ್ಕೆಸ್ಟ್ರಾ ಆಗಲಿ, ಬೇಸ್ ಗಿಟಾರ್ ಇಲ್ಲದಿದ್ದರೆ ಕಳೆಕಟ್ಟುವುದಿಲ್ಲ. ಅದು ಇರುವಾಗ ಯಾರೂ ಗಮನಿಸುವುದಿಲ್ಲ. ನಿಂತೊಡನೆ ಹಾಡಿನ ನೆಲವೇ ಕುಸಿದಂತೆ ಎಲ್ಲರಿಗೂ ತೋರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಎಂಬಾತನು 1951ರಲ್ಲಿ ಹೊರತಂದ 'ಪ್ರಿಸಿಷನ್ ಬೇಸ್' ಈ ವಾದ್ಯವನ್ನು ಲೋಕಪ್ರಿಯಗೊಳಿಸಿತು. ಇದರ ಒಳಗುಟ್ಟು ಮಾತ್ರ ಇನ್ನೂ ಹಳೆಯದು. ಫ್ಯಾರಡೆ ಮಹಾಶಯನು 1831ರಲ್ಲಿ ಕಂಡುಕೊಂಡ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಉಕ್ಕಿನ ತಂತಿಯು ಅಯಸ್ಕಾಂತದ ಮೇಲೆ ಕಂಪಿಸಿದಾಗ, ಅಯಸ್ಕಾಂತದ ಸುತ್ತ ಸುತ್ತಿರುವ ತೆಳುವಾದ ತಾಮ್ರದ ತಂತಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಪಿಕಪ್ ಎಂದು ಕರೆಯುವುದು ಇದನ್ನೇ. ಈ ವಿದ್ಯುತ್ತು ವಾಲ್ಯೂಮ್ ಕಂಟ್ರೋಲನ್ನು ಹಾಯ್ದು, ಜಾಕಿಗೆ ಬಂದು, ಕೇಬಲಿನ ಮೂಲಕ ಆಂಪ್ಲಿಫೈಯರಿಗೆ, ಅಲ್ಲಿಂದ ಸ್ಪೀಕರಿಗೆ ಹೋಗುತ್ತದೆ. ಈ ಸರಪಳಿಯಲ್ಲಿ ಯಾವುದೊಂದು ಕೊಂಡಿ ಸಡಿಲವಾದರೂ ಫಲ ಒಂದೇ: ಧ್ವನಿ ಕುಗ್ಗುತ್ತದೆ.

ಪೂರ್ತಿಯಾಗಿ ಕೆಟ್ಟುಹೋದ ವಾದ್ಯವನ್ನು ಸರಿಪಡಿಸುವುದು ಕಷ್ಟವಲ್ಲ. ಬಂದು ಹೋಗುವ ದೋಷವೇ ಕಷ್ಟ. ವೈದ್ಯರ ಎದುರು ಕುಳಿತೊಡನೆ ನಿಂತುಹೋಗುವ ಕೆಮ್ಮಿನಂತೆ, ಅಂಗಡಿಗೆ ಕೊಂಡೊಯ್ದಾಗ ವಾದ್ಯ ಸೊಗಸಾಗಿ ನುಡಿಯುತ್ತದೆ. ಹೀಗಾದಾಗ ನಮ್ಮ ಜನ ಮಾಡುವುದು ಎರಡೇ: ಎಲ್ಲಕ್ಕಿಂತ ಬೆಲೆಬಾಳುವ ಭಾಗವನ್ನು ಬದಲಿಸುವುದು, ಇಲ್ಲವೇ ನುಡಿಸುವವನ ಮೇಲೆ ತಪ್ಪು ಹೊರಿಸುವುದು.

ಎರಡನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಮೇಳದಲ್ಲಿ ಬೇಸ್ ನುಡಿಸುವ ಕಿರಿಯ ಗೆಳೆಯನೊಬ್ಬನಿದ್ದಾನೆ. ಅಭ್ಯಾಸದಲ್ಲಿ ಕುಳಿತು ನುಡಿಸುವಾಗ ಅವನದು ಗಂಭೀರವಾದ ನಾದ. ವೇದಿಕೆಯ ಮೇಲೆ ನಿಂತೊಡನೆ ನಾದವು ಆಗಾಗ ಅಡಗಿಹೋಗುತ್ತಿತ್ತು. "ಹಳ್ಳಿಯ ಹುಡುಗ, ಜನ ಕಂಡರೆ ಕೈ ನಡುಗುತ್ತದಪ್ಪ" ಎಂದರು ಹಿರಿಯರು. ಸಭಾಕಂಪವೆಂದು ತೀರ್ಮಾನವೂ ಆಯಿತು. ರಿಪೇರಿಯವನೊಬ್ಬನು ಎರಡೂ ಪಿಕಪ್ಪುಗಳನ್ನು ಬದಲಿಸಬೇಕೆಂದನು. ಸೆಕೆಂಡ್ ಹ್ಯಾಂಡ್ ವಾದ್ಯ ಕೊಂಡವನಿಗೆ ಅದು ಸಣ್ಣ ಖರ್ಚಲ್ಲ. ಯುವಜನೋತ್ಸವಕ್ಕೆ ಬೇರೆಯವನನ್ನು ಕರೆತರುವ ಮಾತು ನಡೆಯುತ್ತಿತ್ತು.

ಇಲ್ಲಿಯೇ ತರ್ಕಶಾಸ್ತ್ರದ ಪ್ರಯೋಜನ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಅಡುಗೆಮನೆಯಲ್ಲಿರುವಂತೆ. ಬೆಂಕಿಯಿಲ್ಲದಲ್ಲಿ ಹೊಗೆಯಿಲ್ಲ, ಕೊಳದಲ್ಲಿರುವಂತೆ. ಇವು ನಮ್ಮ ನೈಯಾಯಿಕರ ಅನ್ವಯ ಮತ್ತು ವ್ಯತಿರೇಕಗಳು. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ಲನು 1843ರ ತನ್ನ ತರ್ಕಗ್ರಂಥದಲ್ಲಿ ಕಾರಣವನ್ನು ಹುಡುಕಲು ಹೇಳಿದ ವಿಧಾನಗಳೂ ಇವಕ್ಕೆ ಬಹಳ ಹತ್ತಿರದವು. ನಿಂತಾಗಲೆಲ್ಲ ಧ್ವನಿ ಕುಗ್ಗಿತೆಂಬುದು ಅನ್ವಯ. ಆದರೆ ನಿಲ್ಲುವುದೂ ಜನರೂ ಯಾವಾಗಲೂ ಜೊತೆಗೇ ಇದ್ದುದರಿಂದ, ಕಾರಣ ಯಾವುದೆಂದು ಅಷ್ಟರಿಂದಲೇ ಹೇಳುವಂತಿರಲಿಲ್ಲ. ಆದ್ದರಿಂದ ಅವೆರಡನ್ನೂ ಬೇರ್ಪಡಿಸಿದೆವು. ಯಾರೂ ಇಲ್ಲದ ಕೋಣೆಯಲ್ಲಿ ಗೆಳೆಯನನ್ನು ನಿಲ್ಲಿಸಿದೆವು, ಧ್ವನಿ ಕುಗ್ಗಿತು. ಅದೇ ವಾದ್ಯವನ್ನು ಬೇರೊಬ್ಬನು ಹೆಗಲಿಗೆ ಹಾಕಿಕೊಂಡು ನಿಂತನು, ಆಗಲೂ ಕುಗ್ಗಿತು. ಕೇಬಲನ್ನು ಹೆಗಲಪಟ್ಟಿಯ ಹಿಂದಿನಿಂದ ಸುತ್ತಿ ತಂದು, ಅದರ ಭಾರ ಪಿನ್ನಿನ ಮೇಲೆ ಬೀಳದಂತೆ ಮಾಡಿದಾಗ ಕುಗ್ಗಲಿಲ್ಲ. ಕುಳಿತಾಗ ಕುರ್ಚಿಗೆ ಒರಗಿರುತ್ತಿದ್ದ ಕೇಬಲು, ನಿಂತಾಗ ಜೋತುಬಿದ್ದು ಜಾಕನ್ನು ಎಳೆಯುತ್ತಿತ್ತು. ಬಿಚ್ಚಿ ನೋಡಿದರೆ ಜಾಕಿನ ನಟ್ಟು ಸಡಿಲಿ, ಒಳಗಿನ ತಂತಿ ತಿರುಚಿಕೊಂಡು, ಬೆಸುಗೆ ಬಿರುಕುಬಿಟ್ಟಿತ್ತು. ಬೆಸೆಯುವುದಕ್ಕೆ ಐದು ನಿಮಿಷ ಸಾಕಾಯಿತು. ಸಭಾಕಂಪವಿದ್ದುದು ಜಾಕಿಗೆ, ಹುಡುಗನಿಗಲ್ಲ!

ಈ ವಿಧಾನವನ್ನು ಯಾರಾದರೂ ಅನುಸರಿಸಬಹುದು. ಪ್ರಥಮತಃ, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎಲ್ಲಕ್ಕೂ ಮೊದಲು ಕೇಬಲು. ಕೆಡುವುದರಲ್ಲಿ ಅದೇ ಮುಂದು. ಆಮೇಲೆ ಅದೇ ಕೇಬಲಿಗೆ, ಅದೇ ಆಂಪ್ಲಿಫೈಯರಿಗೆ ಬೇರೊಂದು ಗಿಟಾರನ್ನು ಜೋಡಿಸಬೇಕು. ಆಗಲೂ ಧ್ವನಿ ಕುಗ್ಗಿದರೆ ಬೇಸ್ ನಿರ್ದೋಷಿ. ಎರಡನೆಯದಾಗಿ, ದೋಷವು ಬರಲೆಂದು ಕಾಯುತ್ತ ಕೂರದೆ ಅದನ್ನು ಬರಿಸಬೇಕು: ಪಿನ್ನನ್ನು ಮೆಲ್ಲಗೆ ಅಲುಗಿಸುವುದು, ಕಂಟ್ರೋಲುಗಳನ್ನು ತಿರುಗಿಸುವುದು, ಬೆರಳಿನಿಂದ ತಟ್ಟುವುದು. ತಿರುಗಿಸುವಾಗ ಕರಕರ ಸದ್ದು ಬಂದು, ಒಂದು ಜಾಗದಲ್ಲಿ ಧ್ವನಿ ಸತ್ತರೆ ಕಂಟ್ರೋಲಿನೊಳಗೆ ಧೂಳು ಸೇರಿದೆ, ಇಲ್ಲವೇ ಅದು ಸವೆದಿದೆ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಇಪ್ಪತ್ತು ಮೂವತ್ತು ಸಲ ತಿರುಗಿಸಿದರೆ ಧೂಳು ಹೋಗುತ್ತದೆ. ಸವೆದಿದ್ದರೆ ಬದಲಿಸದೆ ಗತ್ಯಂತರವಿಲ್ಲ. ಜಾಕಿನ ನಟ್ಟನ್ನು ಬಿಗಿಮಾಡುವಾಗ ಒಳಗಿನ ಭಾಗವನ್ನು ಅಲುಗದಂತೆ ಹಿಡಿದುಕೊಳ್ಳಬೇಕು. ಹಾಗೆ ಮಾಡದಿದ್ದರೆ ತಂತಿ ಮತ್ತೆ ತಿರುಚಿಕೊಳ್ಳುತ್ತದೆ.

ಒಳಗೆ ಬ್ಯಾಟರಿಯಿರುವ ಬೇಸಿನ ವಿಷಯ ಬೇರೆ. ಅದರ 9 ವೋಲ್ಟಿನ ಬ್ಯಾಟರಿ ದಣಿದಂತೆ ಧ್ವನಿಯು ಒಡೆದು, ಮೆಲ್ಲಮೆಲ್ಲನೆ ಇಳಿಯುತ್ತದೆ. ರಾತ್ರಿ ವಿಶ್ರಾಂತಿ ಪಡೆದ ಬ್ಯಾಟರಿ ಮರುದಿನ ಸ್ವಲ್ಪ ಚೇತರಿಸಿಕೊಂಡು ನಮ್ಮನ್ನು ಮೋಸಗೊಳಿಸುತ್ತದೆ. ಇಂತಹ ಬೇಸುಗಳಲ್ಲಿ ಸಾಮಾನ್ಯವಾಗಿ ಜಾಕೇ ಸ್ವಿಚ್ಚೂ ಆಗಿರುವುದರಿಂದ, ನುಡಿಸಿ ಮುಗಿದೊಡನೆ ಪಿನ್ನನ್ನು ಕಿತ್ತಿಡುವುದು ಲೇಸು.

ಕೆಲವೊಮ್ಮೆ ವಾದ್ಯದಲ್ಲಿ ಯಾವ ದೋಷವೂ ಇರುವುದಿಲ್ಲ. ಬೇಸಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ನಾದದ ಒಂದು ಅಲೆಯ ಉದ್ದವೇ ಎಂಟು ಮೀಟರಿಗಿಂತ ಹೆಚ್ಚು. ಇಂತಹ ಅಲೆಗಳು ಗೋಡೆಗೆ ಬಡಿದು ಹಿಂತಿರುಗಿದಾಗ, ಸಭಾಂಗಣದ ಒಂದು ಮೂಲೆಯಲ್ಲಿ ಅಬ್ಬರಿಸುವ ಸ್ವರ ನಾಲ್ಕು ಹೆಜ್ಜೆ ಆಚೆ ಕೇಳಿಸದೆಯೂ ಹೋಗಬಹುದು. ನಿಂತ ಜಾಗ ಬದಲಿಸಿದಾಗ ಧ್ವನಿಯೂ ಬದಲಾದರೆ, ತಪ್ಪು ಕೋಣೆಯದು.

ಎಚ್ಚರಿಕೆಯ ಮಾತೊಂದಿದೆ. ತಂತಿಯನ್ನು ಮುಟ್ಟಿದಾಗ ಶಾಕ್ ಹೊಡೆದರೆ ತತ್‌ಕ್ಷಣ ನಿಲ್ಲಿಸಿ, ಮೈನ್ ಸ್ವಿಚ್ ಆರಿಸಿ, ಅರ್ಥಿಂಗ್ ಪರೀಕ್ಷಿಸಲು ತಿಳಿದವರನ್ನು ಕರೆಯಬೇಕು. ಆಂಪ್ಲಿಫೈಯರಿನ ಒಳಗೆ ಕೈಹಾಕುವುದೂ ತರವಲ್ಲ. ಪ್ಲಗ್ ಕಿತ್ತ ಮೇಲೆಯೂ ಅದರ ಕೆಪ್ಯಾಸಿಟರುಗಳಲ್ಲಿ ಅಪಾಯಕಾರಿಯಾದ ವಿದ್ಯುತ್ತು ಉಳಿದಿರಬಹುದು.

ಇಷ್ಟರಲ್ಲಿ ವಿಜ್ಞಾನದ ಪದವಿಯನ್ನು ಬೇಡುವ ಮಾತು ಯಾವುದಿದೆ? ನೋಡಿದ್ದನ್ನು ನೋಡಿದಂತೆ ಬರೆದಿಡುವುದು, ಎರಡು ಕಾರಣಗಳನ್ನು ಬೇರ್ಪಡಿಸುವುದು, ಪ್ರಮಾಣ ಸಿಗುವವರೆಗೆ ತೀರ್ಪು ಕೊಡದಿರುವುದು — ಇತಿಹಾಸವನ್ನು ಓದುವವನಿಗೂ ಕಲಿಸುವುದು ಇದನ್ನೇ. ನಮ್ಮ ಕಾಲೇಜಿಗೆ ಮೊದಲ ಪೀಳಿಗೆಯ ಓದುಗರೇ ಹೆಚ್ಚಾಗಿ ಬರುತ್ತೇವೆ. ಒಂದು ದಿನ ಚೆನ್ನಾಗಿ ಉತ್ತರಿಸಿ ಇನ್ನೊಂದು ದಿನ ಮೂಕನಾಗುವ ಹುಡುಗನಿಗೆ "ಇವನ ಸ್ವಭಾವವೇ ಇಷ್ಟು" ಎಂದು ಹಣೆಪಟ್ಟಿ ಕಟ್ಟುವುದು ಸುಲಭ. ಆ ದಿನ ಅವನು ಬೆಳಿಗ್ಗೆ ಉಂಡು ಬಂದಿದ್ದನೇ, ಬಸ್ಸು ತಪ್ಪಿ ನಡೆದು ಬಂದನೇ ಎಂದು ಕೇಳುವುದಕ್ಕೆ ಸ್ವಲ್ಪ ತಾಳ್ಮೆ ಬೇಕು.

ಆದಕಾರಣ ಸಾಂಸ್ಕೃತಿಕ ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಮೇಳದ ಬೀರುವಿನಲ್ಲಿ ಒಂದು ಮಲ್ಟಿಮೀಟರ್, ಒಂದು ಸೋಲ್ಡರಿಂಗ್ ಐರನ್, ಒಂದು ಸ್ಕ್ರೂಡ್ರೈವರ್ ಮತ್ತು ಎರಡು ಒಳ್ಳೆಯ ಕೇಬಲುಗಳನ್ನು ಇಡಿಸಬೇಕು. ಜೊತೆಗೆ ಒಂದು ನೋಟ್‌ಬುಕ್ಕೂ ಇರಲಿ. ಧ್ವನಿ ಕುಗ್ಗಿದ್ದು ಯಾವಾಗ, ಆಗ ಏನೇನು ಜೋಡಿಸಲಾಗಿತ್ತು, ಏನನ್ನು ಬದಲಿಸಿದಾಗ ಸರಿಹೋಯಿತು ಎಂಬುದನ್ನು ಅದರಲ್ಲಿ ಬರೆದಿಡಬಹುದು. ಮುಂದಿನ ವರ್ಷ ನಾವು ಇಲ್ಲಿರುವುದಿಲ್ಲ. ನಮ್ಮ ನಂತರ ಆ ವಾದ್ಯವನ್ನು ಹೆಗಲಿಗೇರಿಸುವ ಹುಡುಗನಿಗೋ ಹುಡುಗಿಗೋ ಅದು ಉಪಯೋಗಕ್ಕೆ ಬರಲಿ.