ಅಮ್ಮನಿಗೂ ‘ನೀವು’ ಎನ್ನುವ ಯೊರುಬಾ ಮಕ್ಕಳು

ನೈರುತ್ಯ ನೈಜೀರಿಯಾದ ಯೊರುಬಾ ಜನರಲ್ಲಿ ಹಿರಿಯರನ್ನು ಕಂಡಾಗ ಹುಡುಗ ನೆಲಕ್ಕೆ ಮೈಚಾಚಿ ನಮಸ್ಕರಿಸುವುದು, ಹುಡುಗಿ ಮೊಣಕಾಲೂರುವುದು ವಾಡಿಕೆ. ಲಾಗೋಸ್ ಪಟ್ಟಣದ ಅವಸರದಲ್ಲಿ ಅದು ಎಷ್ಟೋ ಸಲ ಸೊಂಟ ಬಗ್ಗಿಸುವಷ್ಟಕ್ಕೇ ಮುಗಿಯುತ್ತದೆ. (ನಾವೂ ಪಾದದ ಬದಲು ಮೊಣಕಾಲು ಮುಟ್ಟಿ ಏಳುವವರೇ ತಾನೆ!) ಮಾತಿನಲ್ಲಿ ಮಾತ್ರ ರಿಯಾಯಿತಿ ಇಲ್ಲ. ಸರೀಕರಿಗೆ ‘ಒ’, ಹಿರಿಯರಿಗೆ ‘ಎ’ – ನಮ್ಮ ನೀನು, ನೀವು ಇದ್ದ ಹಾಗೆ. ಅಣ್ಣನಿಗೂ ಅಕ್ಕನಿಗೂ ಅಲ್ಲಿ ‘ಎಗ್ಬೊನ್’ ಎಂಬ ಒಂದೇ ಪದ. ಗಂಡೋ ಹೆಣ್ಣೋ ಎಂಬುದಲ್ಲ, ಮೊದಲು ಹುಟ್ಟಿದವರು ಯಾರೆಂಬುದೇ ಲೆಕ್ಕ. ತಾಯಿಗೂ ತಂದೆಗೂ ಸಮನಾಗಿ ‘ಎ’. ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ‘ನೀವು’, ಅಮ್ಮನಿಗೆ ‘ನೀನು’. ಅದು ಸಲಿಗೆ ಎನ್ನುತ್ತೇವೆ. ಸಲಿಗೆಯೊಂದೇ ಕಾರಣವೇ ಎಂದು ನನಗೆ ಅನುಮಾನ. ನಿಮ್ಮ ಮನೆಯಲ್ಲಿ ಹೇಗೆ? ಬರೆಯಿರಿ.